ಗುಳ್ಳೆ ಕಾಣುವ ಮೊದಲು: ಮುಳಬಾಗಿಲು ಸೀಮೆಯಲ್ಲೊಂದು ಅಣಕು ಕಾರ್ಯಾಚರಣೆ

ಸೋಮವಾರ, ಕೋಲಾರ

ನರಸಾಪುರದ ಕಾರ್ಖಾನೆಗಳ ಸಾಲು ಮುಗಿಯುತ್ತಿದ್ದಂತೆ ರಸ್ತೆಯ ಎರಡೂ ಬದಿ ನೀಲಗಿರಿ ತೋಪು, ಟೊಮೆಟೊ ತೋಟ, ನಡುನಡುವೆ ಅರ್ಧ ಎಕರೆ, ಕಾಲು ಎಕರೆಯ ಸೀಮೆಹುಲ್ಲು. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆ ಇದು. ಕೊಳವೆಬಾವಿ ಸಾವಿರ ಅಡಿಗಿಂತ ಕೆಳಗಿಳಿದ ಮೇಲೂ ಇಲ್ಲಿನ ಜನ ಊರು ಬಿಡದೆ ನಿಂತಿದ್ದರೆ ಅದಕ್ಕೆ ಕೊಟ್ಟಿಗೆಯಲ್ಲಿರುವ ಎರಡು ಮೂರು ಸೀಮೆಹಸುಗಳ ಹಾಲೂ ದೊಡ್ಡ ಕಾರಣ. ಆ ಹಸುಗಳಿಗೆ ಕಾಲುಬಾಯಿ ಜ್ವರ (ಹಳ್ಳಿಯವರ ಬಾಯಲ್ಲಿ ಗಾಳಿಕುಂಟು) ಬಂದರೆ ಮೊದಲ ದಿನ ಯಾರು ಏನು ಮಾಡಬೇಕು ಎನ್ನುವುದನ್ನು ರೋಗವಿಲ್ಲದ ಕಾಲದಲ್ಲೇ ಮಾಡಿ ನೋಡುವ ಅಣಕು ಕಾರ್ಯಾಚರಣೆಗೆ ವೀಕ್ಷಕಿಯಾಗಿ ಬಂದಿದ್ದೆ. ನಾನು ತುಮಕೂರು ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ಪಶುವೈದ್ಯೆ. ಮುಂದೆ ನಮ್ಮಲ್ಲೂ ಪಿಪಿಆರ್ ಎಂಬ ಕುರಿಗಳ ಸಾಂಕ್ರಾಮಿಕ ರೋಗಕ್ಕೆ ಇಂಥದ್ದೇ ಅಭ್ಯಾಸ ನಡೆಸಬೇಕಿದೆ. ನೋಡಿ ಕಲಿತು ಬರಲು ಕಳಿಸಿದ್ದರು.

ಮೊದಲ ದಿನದ್ದು ಮೇಜಿನ ಸುತ್ತ ಕೂತು ಮಾಡುವ ಅಭ್ಯಾಸ. ತಾಲ್ಲೂಕುಗಳ ಪಶುವೈದ್ಯರು, ಪಶುವೈದ್ಯಕೀಯ ಪರಿವೀಕ್ಷಕರು, ಹಾಲು ಒಕ್ಕೂಟದ ವಿಸ್ತರಣಾಧಿಕಾರಿಗಳು, ಒಬ್ಬ ತಹಶೀಲ್ದಾರರು, ಒಬ್ಬ ಸಬ್ ಇನ್‌ಸ್ಪೆಕ್ಟರ್, ಮೂವರು ಪಿಡಿಒಗಳು. ಗೋಡೆಯ ಮೇಲೆ ಮುಳಬಾಗಿಲು ತಾಲ್ಲೂಕಿನ ದೊಡ್ಡ ನಕ್ಷೆ. ಅಭ್ಯಾಸ ನಡೆಸುವವರ ಕೈಯಲ್ಲಿ ಮುಚ್ಚಿದ ಲಕೋಟೆಗಳು. ಅರ್ಧ ಗಂಟೆಗೊಂದು ಲಕೋಟೆ ಒಡೆಯುತ್ತಾರೆ. ಮೊದಲನೆಯದರಲ್ಲಿ ‘ಒಂದು ಹಳ್ಳಿಯಲ್ಲಿ ಒಂದು ಹಸು ಜೊಲ್ಲು ಸುರಿಸುತ್ತಿದೆ’ ಎಂದಿತ್ತು. ಎರಡನೆಯದರಲ್ಲಿ ‘ಪಕ್ಕದ ಮನೆಯ ಎರಡು ಕರು ಸತ್ತಿವೆ’. ಮೂರನೆಯದು ಬರುವ ಹೊತ್ತಿಗೆ ಹಸುವಿನ ಫೋಟೊ ವಾಟ್ಸಾಪಿನಲ್ಲಿ ಹರಿದಾಡಿ, ಹಾಲಿನಿಂದ ಮನುಷ್ಯರಿಗೂ ರೋಗ ಬರುತ್ತದೆ ಎಂಬ ಸುದ್ದಿ ಹಬ್ಬಿದೆ. ಕಾಲುಬಾಯಿ ಜ್ವರ ಮನುಷ್ಯರಿಗೆ ಬರುವ ರೋಗವಲ್ಲ. ಆದರೆ ಆ ಮಾತನ್ನು ಯಾರು, ಯಾವ ಹೊತ್ತಿಗೆ, ಯಾವ ಬಾಯಿಂದ ಹೇಳಬೇಕು? ಇಪ್ಪತ್ತು ನಿಮಿಷ ಅದೇ ಚರ್ಚೆ.

ಒಂದು ನಿಯಮವನ್ನು ಎಲ್ಲರಿಂದಲೂ ಬಾಯಿಪಾಠ ಮಾಡಿಸಿದರು. ಈ ದಿನಗಳಲ್ಲಿ ಮಾಡುವ ಪ್ರತಿ ಫೋನ್ ಕರೆಯೂ ‘ಇದು ಅಭ್ಯಾಸ’ ಎಂದು ಶುರುವಾಗಬೇಕು, ‘ಇದು ಅಭ್ಯಾಸ’ ಎಂದೇ ಮುಗಿಯಬೇಕು. ಈ ಸೀಮೆಯಲ್ಲಿ ಜ್ವರದ ಹೆಸರು ಕಿವಿಗೆ ಬಿದ್ದರೆ ಸಾಕು, ಹಸುವಿನ ಬೆಲೆ ಅರ್ಧಕ್ಕೆ ಇಳಿಯುತ್ತದೆ. 2013ರಲ್ಲಿ ಕೋಲಾರ, ರಾಮನಗರದ ಕಡೆಯೆಲ್ಲ ಕಾಲುಬಾಯಿ ಜ್ವರ ಹಬ್ಬಿ ದನಗಳು ಸತ್ತಾಗ ಇಲ್ಲಿ ಕೆಲಸ ಮಾಡಿದವರು ಆ ಕೋಣೆಯಲ್ಲೂ ಇದ್ದರು. ಅವರ ಮುಖ ನೋಡಿದರೆ ಇದನ್ನು ಯಾರೂ ಆಟವೆಂದು ತಿಳಿದಿಲ್ಲ ಎನ್ನುವುದು ಗೊತ್ತಾಗುತ್ತಿತ್ತು.

ಮಧ್ಯಾಹ್ನದ ಮೇಲೆ ಕಾನೂನಿನ ಮಾತು ಬಂತು. ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ತಡೆ ಮತ್ತು ನಿಯಂತ್ರಣಕ್ಕೆ 2009ರ ಕೇಂದ್ರ ಕಾಯ್ದೆ ಇದೆ. ಅದರ ಪ್ರಕಾರ ರೋಗದ ಅನುಮಾನ ಬಂದರೆ ತಿಳಿಸುವುದು ಹಸುವಿನ ಯಜಮಾನನ ಕರ್ತವ್ಯ, ಪಂಚಾಯಿತಿಯ ಕರ್ತವ್ಯ ಕೂಡ. ಆದರೆ ಒಂದು ಪ್ರದೇಶವನ್ನು ನಿಯಂತ್ರಿತ ಪ್ರದೇಶವೆಂದು ಅಧಿಸೂಚನೆ ಹೊರಡಿಸಿ ದನಗಳ ಓಡಾಟ ನಿಲ್ಲಿಸುವ ಅಧಿಕಾರ ರಾಜ್ಯ ಸರ್ಕಾರದ್ದು. ಹಾಗಿದ್ದರೆ ಡಾಕ್ಟರಿಗೆ ಅನುಮಾನ ಹುಟ್ಟಿದ ಗಳಿಗೆಯಿಂದ ಅಧಿಸೂಚನೆ ಬರುವ ತನಕ ನಡುವಿನ ಹೊತ್ತಿನಲ್ಲಿ ಹಳ್ಳಿಯನ್ನು ಹಿಡಿದು ನಿಲ್ಲಿಸುವುದು ಹೇಗೆ? ಸಬ್ ಇನ್‌ಸ್ಪೆಕ್ಟರ್ ಕೇಳಿದ ಈ ಪ್ರಶ್ನೆಯೇ ಇಡೀ ದಿನದ ಅತ್ಯುತ್ತಮ ಪ್ರಶ್ನೆ ಎಂದು ನನ್ನ ಪುಸ್ತಕದಲ್ಲಿ ಬರೆದುಕೊಂಡೆ. ಊರಿನವರೇ ಒಪ್ಪಿ ನಿಲ್ಲಿಸಬೇಕು, ಬೇರೆ ದಾರಿ ಇಲ್ಲ.

ಸಂಜೆ ಕೋಲಾರಮ್ಮನ ಗುಡಿಗೆ ಹೋಗಿ ಬಂದೆ. ಈ ಸೀಮೆಯಲ್ಲಿ ತುರು ಕಾಯಲು ಹೋಗಿ ಸತ್ತವರ ವೀರಗಲ್ಲುಗಳು ಬಹಳ. ದನಕ್ಕಾಗಿ ಪ್ರಾಣ ಕೊಟ್ಟವರನ್ನು ಕಲ್ಲಿನಲ್ಲಿ ನಿಲ್ಲಿಸಿದ ನೆಲ. ರಾತ್ರಿ ಊಟಕ್ಕೆ ಮುದ್ದೆ, ಅವರೆಕಾಳಿನ ಸಾರು. ಊಟದ ಹೊತ್ತಿನಲ್ಲಿ ಹಿರಿಯ ಅಧಿಕಾರಿಯೊಬ್ಬರು ಒಂದು ಹಳೆಯ ಸಂಗತಿ ಹೇಳಿದರು. 1920ರಲ್ಲಿ ಭಾರತದಿಂದ ಬ್ರೆಜಿಲ್‌ಗೆ ಹೊರಟಿದ್ದ ದನಗಳು ಬೆಲ್ಜಿಯಂನ ಆಂಟ್ವರ್ಪ್ ಬಂದರಿನಲ್ಲಿ ತಂಗಿದಾಗ ಅಲ್ಲಿ ದನಗಳ ದೊಡ್ಡರೋಗ (ರಿಂಡರ್‌ಪೆಸ್ಟ್) ಹಬ್ಬಿತು. ಆ ಗಾಬರಿಯಿಂದಲೇ ದೇಶಗಳೆಲ್ಲ ಸೇರಿ 1924ರಲ್ಲಿ ಪ್ಯಾರಿಸ್‌ನಲ್ಲಿ ಪ್ರಾಣಿ ಆರೋಗ್ಯದ ಅಂತರರಾಷ್ಟ್ರೀಯ ಸಂಸ್ಥೆ ಕಟ್ಟಿದವು. 2011ರಲ್ಲಿ ಆ ದೊಡ್ಡರೋಗ ಭೂಮಿಯಿಂದಲೇ ತೊಲಗಿತೆಂದು ಸಾರಿದ್ದೂ ಅದೇ ಸಂಸ್ಥೆ. ಇಂಥ ಅಣಕು ಅಭ್ಯಾಸಗಳನ್ನು ಹೇಗೆ ನಡೆಸಬೇಕು ಎಂದು ಇವತ್ತು ದೇಶದೇಶಗಳಿಗೆ ಮಾರ್ಗಸೂಚಿ ಕೊಡುವುದೂ ಅದೇ.

ಮಂಗಳವಾರ, ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿ

ಮಾಗಿಯ ಚಳಿ. ಐದೂವರೆಗೆ ಡೇರಿ ಮುಂದೆ ನಿಂತಾಗ ಇನ್ನೂ ಕತ್ತಲು. ಸ್ಟೀಲ್ ಕ್ಯಾನು ಹಿಡಿದ ಹೆಂಗಸರು ಒಬ್ಬೊಬ್ಬರಾಗಿ ಬಂದು ಸಾಲು ನಿಂತರು. ಇಂಥ ದಿನ ಅಭ್ಯಾಸವಿದೆ ಎಂದು ಹಳ್ಳಿಗೆ ಹಿಂದಿನ ವಾರವೇ ತಿಳಿಸಿದ್ದರು. ಯಾವ ಮನೆಯಲ್ಲಿ, ಎಷ್ಟು ಹೊತ್ತಿಗೆ ಎನ್ನುವುದನ್ನು ಮಾತ್ರ ಹೇಳಿರಲಿಲ್ಲ. ಒಬ್ಬ ಹೆಣ್ಣುಮಗಳಿಗೆ ಲಕೋಟೆ ತಲುಪಿತ್ತು. ಆಕೆ ಹಾಲು ಅಳೆಸುತ್ತಾ ಹೇಳಿದಳು:

“ರಾತ್ರಿಯಿಂದ ಹಸು ಮೇವು ಮುಟ್ಟಿಲ್ಲಣ್ಣ. ಬಾಯಲ್ಲಿ ಜೊಲ್ಲು ಸುರೀತೈತೆ, ಕಾಲು ಎತ್ತೆತ್ತಿ ಇಡ್ತೈತೆ.”

ಡೇರಿ ಕಾರ್ಯದರ್ಶಿ ತಲೆ ಎತ್ತಿ ನೋಡಿದರು. ಗಡಿಯಾರ ನೋಡಿದರು. ಹಾಲು ಅಳೆದರು. ಮುಂದಿನವರ ಹಾಲೂ ಅಳೆದರು. ನನ್ನ ಕೈಯ ಗಡಿಯಾರದಲ್ಲಿ ಆಗ 5.50. ಅವರು 1962 ನಂಬರಿನ ಪಶುವೈದ್ಯ ಸಹಾಯವಾಣಿಗೆ ಫೋನ್ ಮಾಡಿದಾಗ 7.35. ನಡುವಿನ ಹೊತ್ತಿನಲ್ಲಿ ಸಾಲಿನಲ್ಲಿದ್ದವರೆಲ್ಲ ಹಾಲು ಹಾಕಿ, ಅದೇ ಅಂಗಳದ ಕೆಸರು ತುಳಿದು ತಮ್ಮ ತಮ್ಮ ಕೊಟ್ಟಿಗೆಗೆ ಹೋಗಿದ್ದರು. ಎಲ್ಲರ ಹಾಲೂ ಒಂದೇ ಶೀತಲೀಕರಣ ತೊಟ್ಟಿಗೆ ಸೇರಿತ್ತು. ಟ್ಯಾಂಕರ್ ಬಂದು ಹೊರಟೂ ಆಗಿತ್ತು.

ಇದನ್ನು ಅವರ ತಪ್ಪೆಂದು ನಾನು ಬರೆಯುತ್ತಿಲ್ಲ. ಹಾಲು ಕಾಯುವುದಿಲ್ಲ, ಟ್ಯಾಂಕರೂ ಕಾಯುವುದಿಲ್ಲ. ಆದರೆ ಕಾಲುಬಾಯಿ ಜ್ವರದ ವೈರಾಣುವೂ ಕಾಯುವುದಿಲ್ಲ. ಬಾಯಲ್ಲಿ ಗುಳ್ಳೆ ಏಳುವ ಮೊದಲೇ ಅದು ಹಾಲಿನಲ್ಲಿ, ಉಸಿರಿನಲ್ಲಿ ಹೊರಬೀಳಲು ಶುರುವಾಗಿರುತ್ತದೆ. ದಿನಕ್ಕೆರಡು ಸಲ ಊರಿನ ಪ್ರತಿ ಕೊಟ್ಟಿಗೆಯ ಒಬ್ಬರು ಬಂದು ಸೇರುವ ಜಾಗ ಡೇರಿ. ರೋಗ ಹರಡಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ, ರೋಗದ ಸುದ್ದಿ ಬೇಗ ಹಿಡಿಯಲು ಕೂಡ ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ಎಂಟೂವರೆಗೆ ಡಾಕ್ಟರು ಬಂದರು. ಕೆಲಸಕ್ಕೆ ಸೇರಿ ಹೆಚ್ಚು ಕಾಲವಾಗದ ಹುಡುಗ. ಮನೆಯ ಗೇಟಿನಲ್ಲೇ ನಿಂತು ಮೈಮೇಲೆ ರಕ್ಷಾ ಉಡುಪು, ಕಾಲಿಗೆ ಗಂಬೂಟು ಏರಿಸಿ, ಬೇಕಾದ್ದೆಲ್ಲ ಒಂದೇ ಬುಟ್ಟಿಯಲ್ಲಿ ಹಿಡಿದು ಒಳಹೋದ. ಅದನ್ನು ಕಂಡು ನನಗೆ ಬಹಳ ಸಂತೋಷವಾಯಿತು. ‘ರೋಗದ’ ಹಸುವಿನ ಕೊರಳ ಹಗ್ಗಕ್ಕೆ ಕೆಂಪು ಬಟ್ಟೆ ಕಟ್ಟಿದ್ದರು. ಪಾಪದ್ದು, ನೆಮ್ಮದಿಯಾಗಿ ಮೆಲುಕು ಹಾಕುತ್ತಿತ್ತು. ಹುಡುಗ ಬಾಯಿ ತೆರೆಸಿ ನೋಡಿದ ಕೂಡಲೇ ವೀಕ್ಷಕರು ಅವನ ಕೈಗೆ ಫೋಟೊಗಳನ್ನು ಕೊಟ್ಟರು: ನಾಲಿಗೆಯ ಮೇಲೆ ಒಡೆದ ಗುಳ್ಳೆ, ಅಂಚು ಮಸುಕಾಗಿದೆ, ಬಿಳಿ ಪೊರೆ ಕಟ್ಟಲು ಶುರುವಾಗಿದೆ.

ಇಲ್ಲಿ ಒಬ್ಬ ಪಶುವೈದ್ಯನ ಕಣ್ಣಿಗೆ ಪರೀಕ್ಷೆ. ಒಡೆಯದ ಗುಳ್ಳೆ ಒಂದೆರಡು ದಿನದ್ದು. ಅಂಚು ಮಸುಕಾಗಿ ಪೊರೆ ಕಟ್ಟುತ್ತಿದ್ದರೆ ಮೂರು ನಾಲ್ಕು ದಿನವಾಗಿದೆ. ವಾರ ದಾಟಿದರೆ ಕಲೆ ಗಟ್ಟಿಯಾಗತೊಡಗುತ್ತದೆ. ಗುಳ್ಳೆಯ ವಯಸ್ಸು ಗೊತ್ತಾದರೆ ಅಲ್ಲಿಂದ ಹಿಂದಕ್ಕೆ ಎಣಿಸಬಹುದು. ವೈರಾಣು ಮೈಸೇರಿ ಲಕ್ಷಣ ತೋರಲು ಎರಡರಿಂದ ಹದಿನಾಲ್ಕು ದಿನ. ಅಂದರೆ ಆ ಹದಿನಾಲ್ಕು ದಿನದಲ್ಲಿ ಈ ಕೊಟ್ಟಿಗೆಗೆ ಯಾರು ಬಂದರು, ಇಲ್ಲಿಂದ ಏನು ಹೊರಹೋಯಿತು ಎಂದು ಹುಡುಕಬೇಕು. ಹುಡುಗ ಫೋಟೊ ನೋಡಿ, “ಮೂರು ದಿನ ಆಗಿದೆ. ಹಾಗಾದ್ರೆ ಇದೇ ಊರಿನ ಮೊದಲ ಹಸು ಆಗಿರಲಿಕ್ಕಿಲ್ಲ, ಬೇರೆ ಮನೆಗಳನ್ನೂ ನೋಡ್ಬೇಕು” ಎಂದ. ಪಕ್ಕದ ಮನೆಯಲ್ಲಿ ಸತ್ತ ಕರುಗಳ ಲಕೋಟೆಯನ್ನು ಅವನಿಗೆ ಇನ್ನೂ ಕೊಟ್ಟಿರಲಿಲ್ಲ. ಎಳೆಗರುಗಳಿಗೆ ಈ ವೈರಾಣು ನೇರವಾಗಿ ಹೃದಯದ ಸ್ನಾಯುವಿಗೇ ಹತ್ತುತ್ತದೆ. ಬಾಯಲ್ಲಿ ಒಂದು ಗುಳ್ಳೆಯೂ ಇಲ್ಲದೆ ಕರು ಕುಸಿದು ಸಾಯಬಹುದು.

ಗುಳ್ಳೆಯ ಪೊರೆಯ ಬದಲು ಒಂದು ಚೂರು ಹತ್ತಿಯನ್ನು ಗ್ಲಿಸರಿನ್ ಬೆರೆಸಿದ ಬಫರ್ ದ್ರಾವಣದ ಶೀಶೆಗೆ ಹಾಕಿ, ಮೂರು ಪದರ ಸುತ್ತಿ, ಐಸ್ ಡಬ್ಬಿಯಲ್ಲಿಟ್ಟು ಹೆಬ್ಬಾಳದ ಪ್ರಯೋಗಾಲಯದ ದಾರಿ ಹಿಡಿಸಿದರು. ಅಲ್ಲಿಗೆ ನಿಜವಾಗಿ ಎಷ್ಟು ಹೊತ್ತಿಗೆ ಮುಟ್ಟುತ್ತದೆ ಎಂದು ನೋಡುವುದೂ ಅಭ್ಯಾಸದ ಭಾಗ. ನಮ್ಮಲ್ಲಿ ಓಡಾಡುವ ಕಾಲುಬಾಯಿ ವೈರಾಣುವಿನಲ್ಲಿ ಒ, ಎ, ಏಷ್ಯಾ–1 ಎಂಬ ಮೂರು ಬಗೆ. ಲಸಿಕೆಯಲ್ಲಿ ಮೂರೂ ಇರುತ್ತವೆ. ಆದರೂ ಬಂದಿರುವುದು ಯಾವುದು, ಲಸಿಕೆಯ ತಳಿಗೆ ಅದು ಹೊಂದುತ್ತದೋ ಇಲ್ಲವೋ ಎನ್ನುವುದನ್ನು ಪ್ರಯೋಗಾಲಯವೇ ಹೇಳಬೇಕು.

ಆಮೇಲೆ ಸೋಡಾದ ಪ್ರಸಂಗ. ಕೊಟ್ಟಿಗೆ, ಗೇಟು, ಗಾಡಿಯ ಚಕ್ರ ತೊಳೆಯಲು ನೂರು ಲೀಟರ್ ನೀರಿಗೆ ನಾಲ್ಕು ಕಿಲೊ ವಾಷಿಂಗ್ ಸೋಡಾ ಬೇಕು. ಊರಿನ ಅಂಗಡಿಗೆ ಓಡಿದ ಹುಡುಗರು ತಂದದ್ದು ಅಡುಗೆ ಸೋಡಾ. ಅದಕ್ಕೊಂದು ಕಾರಣವೂ ಇತ್ತು: ಜ್ವರ ಬಂದ ಹಸುವಿನ ಬಾಯಿ ಹುಣ್ಣನ್ನು ಅಡುಗೆ ಸೋಡಾ ಕದಡಿದ ನೀರಿನಲ್ಲಿ ತೊಳೆಯಿರಿ ಎಂದು ನಾವೇ ಹೇಳಿಕೊಟ್ಟಿದ್ದೇವೆ. ಹುಣ್ಣಿಗೆ ಅದು ಹಿತ. ವೈರಾಣುವಿಗೆ ಅದರಿಂದ ಏನೂ ಆಗುವುದಿಲ್ಲ. ಈ ವೈರಾಣು ಸಾಯಬೇಕಾದರೆ ಕಟುವಾದ ಕ್ಷಾರ ಇಲ್ಲವೇ ಹುಳಿ ಬೇಕು. ವಾಷಿಂಗ್ ಸೋಡಾ ಸಿಕ್ಕಿದ್ದು ಮುಳಬಾಗಿಲಿನಲ್ಲಿ, ಎರಡು ಗಂಟೆ ತಡವಾಗಿ. ಒಂದು ಮೂಟೆ ಸೋಡಾ ಡೇರಿಯ ಮೂಲೆಯಲ್ಲಿ ಸದಾ ಇದ್ದರೆ ಸಾಕು ಎನ್ನುವಷ್ಟು ಸಣ್ಣ ಸಂಗತಿ. ಮೇಜಿನ ಸುತ್ತ ಕೂತಾಗ ಯಾರಿಗೂ ಹೊಳೆದಿರಲಿಲ್ಲ.

ಇದಕ್ಕಿಂತ ದೊಡ್ಡ ತೊಡಕು ಆ ಹುಡುಗ ಡಾಕ್ಟರದ್ದೇ. ರೋಗದ ಕೊಟ್ಟಿಗೆಗೆ ಕಾಲಿಟ್ಟವನು ಕೆಲವು ದಿನ ಆರೋಗ್ಯದ ದನಗಳ ಬಳಿ ಹೋಗಬಾರದು. ಆದರೆ ಸುತ್ತಲಿನ ಅಷ್ಟೂ ಹಳ್ಳಿಗಳಿಗೆ ಇರುವವನು ಅವನೊಬ್ಬನೇ. ಕರು ಹಾಕಲು ತಿಣುಕುವ ಹಸುವಿನ ಮನೆಯಿಂದ ಫೋನ್ ಬಂದರೆ ಯಾರು ಹೋಗಬೇಕು? ವೀಕ್ಷಕರು ಇದನ್ನೇ ಲಕೋಟೆ ಮಾಡಿ ಹನ್ನೊಂದು ಗಂಟೆಗೆ ಅವನ ಕೈಗಿಟ್ಟರು. ಅವನು ಬಹಳ ಹೊತ್ತು ಸುಮ್ಮನೆ ನಿಂತ. ಕೊನೆಗೆ ಪಕ್ಕದ ಹೋಬಳಿಯ ಡಾಕ್ಟರಿಗೆ ಫೋನ್ ಮಾಡಿ, “ಇದು ಅಭ್ಯಾಸ ಸಾರ್” ಎಂದು ಶುರುಮಾಡಿ ಕೇಳಿಕೊಂಡ. ಅವರು ಬಂದರು. ನಿಜವಾದ ಜ್ವರದ ಕಾಲದಲ್ಲಿ ಅವರ ಹೋಬಳಿಗೂ ಅದೇ ಪಾಡು ಬಂದಿದ್ದರೆ?

ಮಧ್ಯಾಹ್ನ ಹಸುವಿನ ಮನೆಯಾಕೆಯ ಜಗಲಿಯಲ್ಲಿ ಕೂತು ಮಾತಾಡಿದೆ.

“ಹಸು ಹಂಗಾಗಿದ್ದು ರಾತ್ರೀನೇ ಅಂತ ಚೀಟೀಲಿತ್ತಲ್ಲಮ್ಮ, ನಿಜವಾಗ್ಲೂ ಆಗಿದ್ರೆ ರಾತ್ರೀನೇ ಫೋನ್ ಮಾಡ್ತಿದ್ಯಾ?” ಎಂದು ಕೇಳಿದೆ.

“ಮಾಡ್ತಿರ್ಲಿಲ್ಲ ಡಾಕ್ಟ್ರಮ್ಮ. ಸುಳ್ಳು ಯಾಕೇಳ್ಲಿ. ಫೋನ್ ಮಾಡಿದ್ರೆ ನಮ್ಮ ಹಾಲು ಹಾಕಿಸ್ಕಳಲ್ಲ. ಬಟವಾಡೆ ನಿಂತೋದ್ರೆ ಸಂಘದ ಕಂತು ಯಾರು ಕಟ್ತಾರೆ? ಒಂದಿನ ಕಾದು ನೋಡಾಣ, ಬೆಳಿಗ್ಗೆಗೆ ಸರಿಹೋಗ್ಬೋದು ಅನ್ಕಂತಿದ್ದೆ.”

ಅವಳ ಮಾವ ಪಕ್ಕದಲ್ಲೇ ಕೂತಿದ್ದರು. “ಆ ಸಲ ಗಾಳಿಕುಂಟು ಬಂದಾಗ ಮೂರು ಹಸು ಹೋದ್ವು ತಾಯಿ. ಹಳ್ಳ ತೋಡಕ್ಕೆ ಜೆಸಿಬಿ ತರ್ಸಿದ್ವಿ. ಮೊದ್ಲು ಬಂದಿದ್ದು ಯಾರ ಮನೇಗೆ ಅಂತ ಊರೆಲ್ಲಾ ಗೊತ್ತು, ಬಾಯಿಬಿಟ್ಟು ಯಾರೂ ಏಳ್ಲಿಲ್ಲ” ಎಂದರು.

ನಾನು ಇಲ್ಲಿಯವರೆಗೆ ನೋಡಿದ ಅಭ್ಯಾಸಗಳಲ್ಲಿ ಎಲ್ಲರೂ ಅಳೆಯುವುದು ಡಾಕ್ಟರು ಬಂದ ಮೇಲಿನ ಹೊತ್ತನ್ನು. ಉಡುಪು ಸರಿಯಾಗಿ ತೊಟ್ಟರೇ, ಮಾದರಿ ಸರಿಯಾಗಿ ತೆಗೆದರೇ, ಎಷ್ಟು ನಿಮಿಷಕ್ಕೆ ಹಗ್ಗ ಕಟ್ಟಿ ದಾರಿ ಮುಚ್ಚಿದರು. ಅದೆಲ್ಲ ಬೇಕು. ಆದರೆ ರೋಗ ಗೆಲ್ಲುವುದು ಅದಕ್ಕಿಂತ ಮೊದಲು, ಈ ಜಗಲಿಯ ಮೇಲೆ, ಫೋನ್ ಮಾಡಲೋ ಬೇಡವೋ ಎಂದು ಒಬ್ಬ ಹೆಣ್ಣುಮಗಳು ಲೆಕ್ಕ ಹಾಕುವ ಆ ಒಂದು ರಾತ್ರಿಯಲ್ಲಿ. ಅವಳ ಲೆಕ್ಕ ಬದಲಾಗದೆ ನಮ್ಮ ಕಾರ್ಯಯೋಜನೆಯ ಉಳಿದ ಪುಟಗಳಿಂದ ಬಹಳ ಉಪಯೋಗವಿಲ್ಲ.

ಬ್ರಿಟನ್ನಿನ ಎರಡು ವರ್ಷಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಇದು ತಿಳಿಯುತ್ತದೆ. 2001ರ ಫೆಬ್ರವರಿಯಲ್ಲಿ ಅಲ್ಲಿ ಮೊದಲ ಪ್ರಕರಣ ಪತ್ತೆಯಾಗುವ ಹೊತ್ತಿಗೆ ಕುರಿ ಸಂತೆಗಳ ಮೂಲಕ ರೋಗ ದೇಶದ ಮೂಲೆಮೂಲೆಗೆ ಹೋಗಿಬಿಟ್ಟಿತ್ತು. 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಲ್ಲಬೇಕಾಯಿತು. 2007ರಲ್ಲಿ ಮತ್ತೆ ಬಂದಾಗ ಖಚಿತವಾದ ದಿನವೇ ದೇಶದಾದ್ಯಂತ ಜಾನುವಾರು ಸಾಗಣೆ ನಿಲ್ಲಿಸಿದರು. ರೋಗ ಎಂಟು ಫಾರಂಗಳಲ್ಲೇ ನಿಂತಿತು. ಎರಡೂ ಸಲ ವೈರಾಣು ಒಂದೇ ಜಾತಿಯದು. ಬೇಗ ತಿಳಿದದ್ದು, ಬೇಗ ನಿಲ್ಲಿಸಿದ್ದು ವ್ಯತ್ಯಾಸ. ನಮ್ಮಲ್ಲಿ ಹಾಗೆ ಹಸುಗಳನ್ನು ಸಾಮೂಹಿಕವಾಗಿ ಕೊಲ್ಲುವ ದಾರಿಯಿಲ್ಲ. ಹಾಗಾಗಿ ಬೇಗ ತಿಳಿಯುವುದು ನಮಗೆ ಅವರಿಗಿಂತಲೂ ಹೆಚ್ಚು ಮುಖ್ಯ.

ಬುಧವಾರ, ಆವಣಿ ಮತ್ತು ಗಡಿಯ ದಾರಿಗಳು

ಬೆಳಿಗ್ಗೆ ಮುಳಬಾಗಿಲಿನಲ್ಲಿ ದೋಸೆ ತಿಂದು ಹೊರಟೆವು. ಗರಿಗರಿ ಅಂಚು, ಮೆತ್ತನೆ ನಡು, ಮೇಲೆ ಬೆಣ್ಣೆ. ಆ ದೋಸೆಗೆ ಬಂದ ಹೆಸರು ಸುಮ್ಮನೆ ಬಂದದ್ದಲ್ಲ.

ಈ ದಿನ ಮೂಲ ಹುಡುಕುವ ಕೆಲಸ. ಕಥೆಯ ಪ್ರಕಾರ ರೋಗ ಬಂದದ್ದು ಹತ್ತು ದಿನದ ಹಿಂದೆ ಗಡಿಯಾಚೆಯ ಸಂತೆಯಲ್ಲಿ ಕೊಂಡ ಹಸುವಿನ ಜೊತೆ. ಇದು ಗೊತ್ತಿದ್ದದ್ದು ಲಕೋಟೆ ಬರೆದವರಿಗೆ ಮಾತ್ರ. ತಂಡ ಅದನ್ನು ಕಂಡುಹಿಡಿದ ರೀತಿ ನನಗೆ ಮೆಚ್ಚುಗೆಯಾಯಿತು. ಅವರು ಮೊದಲು ಕೇಳಿದ್ದು ಕೃತಕ ಗರ್ಭಧಾರಣೆ ಮಾಡುವ ಹುಡುಗನ ಪುಸ್ತಕವನ್ನು. ಯಾವ ದಿನ ಯಾವ ಮನೆ, ಯಾವ ಹಸು ಎಂದು ಅದರಲ್ಲಿ ಗುರುತಿಗೆಂದು ದನದ ಕಿವಿಗೆ ಹಾಕುವ ಓಲೆಯ ಹನ್ನೆರಡು ಅಂಕಿಗಳ ಸಮೇತ ಬರೆದಿತ್ತು. ಆ ಸಾಲುಗಳ ನಡುವೆ ಒಂದು ಹಸುವಿಗೆ ಮಾತ್ರ ಓಲೆ ಇರಲಿಲ್ಲ. ಆ ಮನೆಗೆ ಹೋಗಿ ಕೇಳಿದಾಗ ಸಂತೆಯ ಸುಳಿವು ಸಿಕ್ಕಿತು. ಅದೇ ಪುಸ್ತಕ ಇನ್ನೊಂದನ್ನೂ ತೋರಿಸಿತು: ಆ ಹುಡುಗನ ಬೈಕು ಅದೇ ದಿನ ಇನ್ನೂ ನಾಲ್ಕು ಊರಿನ ಕೊಟ್ಟಿಗೆಗಳಿಗೆ ಹೋಗಿತ್ತು. ಹಿಂದಕ್ಕೆ ಹುಡುಕುವ ದಾರಿಯೂ ಮುಂದಕ್ಕೆ ಹುಡುಕುವ ದಾರಿಯೂ ಒಂದೇ ನೋಟ್‌ಬುಕ್ಕಿನಲ್ಲಿ.

ನಂಗಲಿ ದಾಟಿದರೆ ಆಂಧ್ರ. ಹೆದ್ದಾರಿಯಲ್ಲಿ ಗಾಡಿ ತಡೆದು ನೋಡಬಹುದು. ಆದರೆ ಹಸು ಕೊಂಡವರೆಲ್ಲ ಹೆದ್ದಾರಿಯಲ್ಲೇ ಬರುವುದಿಲ್ಲ. ಟಾಟಾ ಏಸ್‌ನಲ್ಲಿ ಒಂದೇ ಒಂದು ಹಸು ನಿಲ್ಲಿಸಿಕೊಂಡು ಹೊಲದ ದಾರಿಯಲ್ಲಿ ಬರುತ್ತಾರೆ. ಎರಡೂ ಕಡೆ ನೆಂಟರು, ಎರಡೂ ಕಡೆ ಎರಡೂ ಭಾಷೆ. ಅಂಥ ಒಂದು ಅಡ್ಡದಾರಿಯಲ್ಲಿ ಬಿದಿರು ಗಳ ಕಟ್ಟಿ ತಡೆ ನಿಲ್ಲಿಸಿದ್ದರು. ‘ಹಸು ತುಂಬಿದ’ ಗಾಡಿಯನ್ನು ಹಿಡಿದೂ ಆಯಿತು. ಹಿಡಿದ ಮೇಲೆ ಆ ಹಸುಗಳನ್ನು ಎಲ್ಲಿ ಇಳಿಸುವುದು, ನೀರು ಮೇವು ಯಾರು ಕೊಡುವುದು, ರಾತ್ರಿ ಹಾಲು ಯಾರು ಕರೆಯುವುದು? ಕರೆಯುವ ಹಸುವನ್ನು ಕರೆಯದೆ ಬಿಟ್ಟರೆ ಕೆಚ್ಚಲು ಬಾವು ಹಿಡಿಯುತ್ತದೆ. ಪೊಲೀಸ್ ಪೇದೆಯೊಬ್ಬರು, “ನಮ್ಮನೇಲೂ ಹಸು ಐತೆ ಮೇಡಂ, ನಾನೇ ಕರೀತೀನಿ” ಎಂದರು. ಆ ಮನುಷ್ಯನಿಗೆ ಅಲ್ಲೇ ಕೈಮುಗಿದೆ.

ಆವಣಿ ಬೆಟ್ಟದ ಬುಡದಲ್ಲಿ ಶಿವರಾತ್ರಿ ಹೊತ್ತಿಗೆ ದನಗಳ ಜಾತ್ರೆ ಸೇರುತ್ತದೆ. ನಾವು ಹೋದಾಗ ಬಯಲು ಖಾಲಿ. ರಾಮಲಿಂಗೇಶ್ವರ ಗುಡಿಗಳ ಸಮುಚ್ಚಯದಲ್ಲಿ ಸ್ವಲ್ಪ ಹೊತ್ತು ಕೂತು, ಆ ಬಯಲಿನಲ್ಲಿ ಜಾತ್ರೆಯ ದಿನ ಏನಾಗಬೇಕು ಎಂದು ಮಾತಾಡಿದೆವು. ಒಳಬರುವ ದಾರಿಯಲ್ಲೇ ಲಸಿಕೆಯ ದಾಖಲೆ ನೋಡಬೇಕು. ಒಂದೇ ತೊಟ್ಟಿಯಲ್ಲಿ ಎಲ್ಲ ದನಗಳೂ ನೀರು ಕುಡಿಯಬಾರದು. ಜಾತ್ರೆಗೆ ಹದಿನೈದು ದಿನ ಮೊದಲೇ ಲಸಿಕೆ ಬೀಳಬೇಕು, ಏಕೆಂದರೆ ಸೂಜಿ ಚುಚ್ಚಿದ ದಿನವೇ ರಕ್ಷಣೆ ಹುಟ್ಟುವುದಿಲ್ಲ.

ಮಧ್ಯಾಹ್ನ ಸುತ್ತುವರಿದು ಲಸಿಕೆ ಹಾಕುವ ಅಭ್ಯಾಸ, ಬರೀ ಉಪ್ಪುನೀರಿನ ಶೀಶೆಗಳೊಂದಿಗೆ. ದೂರದ ಊರಿನಿಂದ ಶುರುಮಾಡಿ ರೋಗದ ಊರಿನ ಕಡೆಗೆ ಬರಬೇಕು. ಒಳಗಿನಿಂದ ಹೊರಕ್ಕೆ ಹೋದರೆ ಲಸಿಕೆ ಹಾಕುವವರೇ ರೋಗ ಹೊತ್ತೊಯ್ಯುತ್ತಾರೆ. ದನಕ್ಕೊಂದು ಸೂಜಿ. ಡಬ್ಬಿಯಲ್ಲಿ ಎರಡರಿಂದ ಎಂಟು ಡಿಗ್ರಿ. ಇದನ್ನು ಹುಡುಗರು ಚೆನ್ನಾಗಿ ಮಾಡಿದರು. 2019ರಿಂದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಮನೆಮನೆಗೆ ಹೋಗಿ ಲಸಿಕೆ ಹಾಕಿದ ಕೈಗಳು ಅವು. ಕುರುಡುಮಲೆಯ ದೊಡ್ಡ ಗಣಪತಿಯ ದರ್ಶನ ಮಾಡಿ ಕತ್ತಲಾದ ಮೇಲೆ ಕೋಲಾರ ಸೇರಿದೆವು.

ಗುರುವಾರ, ಮತ್ತೆ ಕೋಲಾರ

ವಿಮರ್ಶೆಯ ಸಭೆ. ಈ ಸಲ ಡೇರಿ ಕಾರ್ಯದರ್ಶಿಯನ್ನೂ ಹಸುವಿನ ಮನೆಯಾಕೆಯನ್ನೂ ಕರೆಸಿದ್ದರು. ಅವರನ್ನು ಕರೆಸಬೇಕೆಂದು ಒತ್ತಾಯಿಸಿದವರಲ್ಲಿ ನಾನೂ ಒಬ್ಬಳು. ಯಾರು ತಪ್ಪು ಮಾಡಿದರು ಎಂದು ಕೇಳುವುದಿಲ್ಲ, ಯಾವುದು ನಡೆಯಲಿಲ್ಲ ಎಂದು ಮಾತ್ರ ಕೇಳುತ್ತೇವೆ ಎಂದು ಮೊದಲೇ ಹೇಳಿದರು. ಹಾಗಾಗಿ ಜನ ಬಾಯಿಬಿಟ್ಟರು.

ಕಾರ್ಯದರ್ಶಿ ಎದ್ದು ನಿಂತು, “ಹಾಲು ತಗೋಬ್ಯಾಡ ಅನ್ನೋ ಅಧಿಕಾರ ನಂಗೈತೋ ಇಲ್ವೋ ಗೊತ್ತಿರ್ಲಿಲ್ಲ ಸಾರ್. ಆಯಮ್ಮನ್ನ ವಾಪಸ್ ಕಳ್ಸಿ, ಆಮೇಲೆ ಏನೂ ಇಲ್ಲ ಅಂತಾಗಿದ್ರೆ ಊರಲ್ಲಿ ನನ್ನ ಗತಿ ಏನು?” ಎಂದರು. ಇದಕ್ಕೆ ಅಲ್ಲೇ ಒಂದು ವ್ಯವಸ್ಥೆ ಮಾಡಿದರು. ಜೊಲ್ಲು, ಕುಂಟು, ಇದ್ದಕ್ಕಿದ್ದಂತೆ ಹಾಲು ಇಳಿದದ್ದು, ಇವುಗಳಲ್ಲಿ ಯಾವುದೇ ಎರಡು ಕೇಳಿಬಂದರೆ ಕಾರ್ಯದರ್ಶಿ ಮೊದಲು ಫೋನ್ ಮಾಡುವುದು, ಆ ಮನೆಯ ಹಾಲನ್ನು ಬೇರೆ ಕ್ಯಾನಿನಲ್ಲಿ ಪಕ್ಕಕ್ಕಿಡುವುದು, ಡಾಕ್ಟರು ನೋಡಿ ಹೇಳುವ ತನಕ ಹಾಲು ತಂದವರು ಅಂಗಳದಾಚೆ ನಿಲ್ಲುವುದು. ವಾಷಿಂಗ್ ಸೋಡಾದ ಮೂಟೆ ಡೇರಿಯಲ್ಲೇ ಇರುವುದು. ಪಕ್ಕದ ಹೋಬಳಿಗಳ ಡಾಕ್ಟರುಗಳು ಜೋಡಿ ಜೋಡಿಯಾಗಿ ಒಬ್ಬರಿಗೊಬ್ಬರು ಬದಲಿಯಾಗುವ ಪಟ್ಟಿಯೂ ಸಿದ್ಧವಾಯಿತು.

ಆದರೆ ಪಕ್ಕಕ್ಕಿಟ್ಟ ಹಾಲಿನ ದುಡ್ಡು? ಅದನ್ನು ಕೇಳಿದವಳು ಆ ಹೆಣ್ಣುಮಗಳೇ. ಜ್ವರವೆಂದು ಖಚಿತವಾದರೆ ಒಂದು ಮಾತು, ಅಲ್ಲವೆಂದಾದರೆ ಆ ದಿನದ ಹಾಲಿಗೆ ಯಾರು ಬೆಲೆ ಕಟ್ಟಿಕೊಡುತ್ತಾರೆ? ಸುಳ್ಳು ಗಾಬರಿಯ ಹಾಲಿಗೂ ಪೂರ್ತಿ ಬೆಲೆ ಸಿಗುತ್ತದೆ ಎಂದು ಗೊತ್ತಿದ್ದರೆ ಮಾತ್ರ ಅನುಮಾನ ಬಂದ ರಾತ್ರಿಯೇ ಜನ ಫೋನ್ ಎತ್ತುತ್ತಾರೆ ಎಂದು ನಾನು ಹೇಳಿದೆ. ಇನ್ನೂ ಕೆಲವರು ದನಿಗೂಡಿಸಿದರು. ಅದಕ್ಕೆ ದುಡ್ಡು ಯಾವ ಲೆಕ್ಕದಿಂದ ಎನ್ನುವುದು ಆ ಕೋಣೆಯಲ್ಲಿ ತೀರ್ಮಾನವಾಗುವ ವಿಷಯವಾಗಿರಲಿಲ್ಲ. ಜಿಲ್ಲಾಧಿಕಾರಿಗಳ ಮುಂದಿಡುವ ವರದಿಯ ಮೊದಲ ಅಂಶವಾಗಿ ಅದನ್ನೇ ಬರೆಸಿದೆವು.

ತುಮಕೂರಿನ ಬಸ್ಸಿನಲ್ಲಿ ನಮ್ಮ ಕುರಿಗಳ ಅಭ್ಯಾಸದ ಕರಡು ತೆಗೆದು ಹೊಸದಾಗಿ ಬರೆಯಲು ಶುರುಮಾಡಿದೆ. ಶಿರಾ, ಪಾವಗಡದ ಕಡೆ ಕುರಿ ಮಂದೆ ಊರಿಂದೂರಿಗೆ ಹೋಗುತ್ತದೆ. ಕುರಿಗಾಹಿಗೆ ದಿನಕ್ಕೆರಡು ಸಲ ಸೇರುವ ಡೇರಿ ಇಲ್ಲ, ಸಾಲು ಇಲ್ಲ, ಪುಸ್ತಕ ಬರೆಯುವ ಕಾರ್ಯದರ್ಶಿ ಇಲ್ಲ. ಮಂದೆಯಲ್ಲಿ ಮೂಗು ಸೋರಿ, ಬೇಧಿಯಾಗಿ ಕುರಿ ಸಾಯಲು ಶುರುವಾದಾಗ ಅವನು ಮೊದಲು ಹೇಳುವುದು ಯಾರಿಗೆ? ಮಂದೆ ಕೂರಿಸಿದ ಹೊಲದ ಯಜಮಾನನಿಗೋ, ಸಂತೆಯ ದಲ್ಲಾಳಿಗೋ, ಔಷಧಿ ಅಂಗಡಿಯವನಿಗೋ? ಮೊದಲ ಲಕೋಟೆಯನ್ನು ಯಾರ ಹೆಸರಿಗೆ ಬರೆಯಬೇಕು ಎಂದು ತಿಳಿಯಲು, ಯೋಜನೆಗೆ ಕೂರುವ ಮೊದಲು ಒಂದು ವಾರ ಮಂದೆಗಳ ಹಿಂದೆ ಓಡಾಡಬೇಕು. ಅದಕ್ಕೆ ರಜೆ ಕೇಳುವ ಅರ್ಜಿಯನ್ನೂ ಬಸ್ಸಿನಲ್ಲೇ ಬರೆದೆ.